ಹಾಡುವವರ ಮೇಲೆ ಬೀಳದ ನೆರಳು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಮಾಡುವ ಕೆಲಸ ಕೊಡೆ ಬಿಚ್ಚುವುದು. ನಾವು ಸುಮ್ಮನೆ ನೋಡುತ್ತ ನಿಲ್ಲುತ್ತೇವೆ. ಅವರು ಕೊಡೆಯನ್ನು ಒಮ್ಮೆ ಎಡಕ್ಕೆ ವಾಲಿಸುತ್ತಾರೆ, ಒಮ್ಮೆ ಬಲಕ್ಕೆ ವಾಲಿಸುತ್ತಾರೆ, ಆಮೇಲೆ ನೆಲ ನೋಡುತ್ತಾರೆ. ನೆಲದ ಮೇಲೆ ಏನೂ ಇರುವುದಿಲ್ಲ. ನಮ್ಮಲ್ಲಿ ಕೊಡೆಗೆ ನೆರಳಿಲ್ಲ, ಗೋಡೆಗಿಲ್ಲ, ಬೇವಿನ ಮರಕ್ಕೂ ಇಲ್ಲ. ಹಾಡಿಗೆ ಮಾತ್ರ ನೆರಳು. ಇದರಲ್ಲಿ ಹೇಳುವಂಥದ್ದೇನಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಹೊರಗಿನವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಹೆಸರು ನೀಲಗಂಗವ್ವ. ಸಂತೆಬಯಲಿನ ಬಾಯಲ್ಲೇ ನನ್ನ ಅಂಗಡಿ. ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ, ಮಣ್ಣಿನ ಗಡಿಗೆಯಲ್ಲಿ ಮಜ್ಜಿಗೆ. ಮೇಲೊಂದು ತಗಡು ಇದೆ, ಅದು ಮಳೆ ತಡೆಯುತ್ತದೆ, ಬಿಸಿಲು ತಡೆಯುವುದಿಲ್ಲ. ಯಾರಾದರೂ ಹಾಡುತ್ತಿದ್ದರೆ ನನ್ನ ಮಜ್ಜಿಗೆ ಸಂಜೆಯವರೆಗೂ ಮಜ್ಜಿಗೆಯಾಗಿರುತ್ತದೆ. ಹಾಡು ನಿಂತರೆ ಮಧ್ಯಾಹ್ನಕ್ಕೇ ಹುಳಿ. ಹೀಗಾಗಿ ನನ್ನಷ್ಟು ಗಮನಕೊಟ್ಟು ಹಾಡು ಕೇಳುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ, ಹಾಡಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇಲ್ಲದಿದ್ದರೂ.

ಎಲ್ಲ ಹಾಡಿನ ನೆರಳೂ ಒಂದೇ ಅಲ್ಲ. ಸೋಬಾನೆ ಹಾಡಿದರೆ ಮೇಲೆ ಜರಡಿ ಹಿಡಿದ ಹಾಗೆ ನೆರಳಿನ ನಡುವೆ ಚುಕ್ಕಿ ಚುಕ್ಕಿ ಬಿಸಿಲು. ಮದುವೆಯ ಜನಕ್ಕೆ ಅಷ್ಟು ಸಾಕು. ಭಜನೆಯ ನೆರಳು ಚಾಪೆ ಹಾಸಿದಂತೆ ಅಂಚು ನೆಟ್ಟಗಿರುತ್ತದೆ, ಕೂತವರೂ ನೆಟ್ಟಗೆ ಕೂರುತ್ತಾರೆ. ಲಾವಣಿಯದು ನಿಂತಲ್ಲಿ ನಿಲ್ಲದು, ಕೇಳುವವರು ಕುಂಡಿ ಎಳೆದುಕೊಂಡು ಅದರ ಹಿಂದೆ ಸರಿಯುತ್ತಲೇ ಇರಬೇಕು. ಜೋಗುಳದ್ದು ತೊಟ್ಟಿಲಿನಷ್ಟೇ, ಗೇಣು ಹೆಚ್ಚಿಲ್ಲ. ಶೋಕದ ಹಾಡಿನದು ಮಾತ್ರ ರೊಟ್ಟಿ ಹಂಚಿನ ತಳದಂತೆ ಕಪ್ಪು, ದಟ್ಟ. ಅದು ಬೀಳಬೇಕಾದದ್ದು ಮಸಣದಲ್ಲಿ ಮಾತ್ರ. ಅದರಡಿ ಕೂತವರು ನಗಬಾರದು, ತಿನ್ನಬಾರದು, ತಲೆಗೆ ನೀರು ಹಾಕಿಕೊಳ್ಳದೆ ಮನೆಯೊಳಗೆ ಕಾಲಿಡಬಾರದು. ಒಂದು ಬಗೆಯ ಹಾಡಿನೊಳಗೆ ಇನ್ನೊಂದನ್ನು ಬೆರೆಸಬಾರದು ಎಂಬುದೂ ಕಟ್ಟಳೆ, ಯಾಕೆಂದರೆ ಬೆರಕೆ ನೆರಳನ್ನು ಏನೆಂದು ಕರೆಯುವುದು, ಅದರಡಿ ಹೇಗೆ ಕೂರುವುದು? ಇನ್ನೊಂದು ಮಾತು. ಯಾವ ಹಾಡಿನ ನೆರಳೂ ಅದನ್ನು ಹಾಡುವವರ ಮೇಲೆ, ನುಡಿಸುವವರ ಮೇಲೆ ಬೀಳುವುದಿಲ್ಲ. ಅದಕ್ಕೇ ನಮ್ಮ ಮದುವೆಗಳಲ್ಲಿ ಹೆಂಗಸರು ಪಾಳಿಯ ಮೇಲೆ ಹಾಡುತ್ತಾರೆ.

ಪಾಳಿಯನ್ನು ಯಾರಿಗೂ ಬಿಟ್ಟುಕೊಡದವನು ವಿರೂಪಯ್ಯಜ್ಜ ಒಬ್ಬನೇ. ಸಂತೆಯ ದಿನ ಬೆಳಗಿನಿಂದ ಭಜನೆ ಅವನದೇ. ತಾಳ ಹಾಕುವವರು ಬದಲಾಗುತ್ತಿದ್ದರು, ಹಿಂದೆ ದನಿಗೂಡಿಸುವವರು ಬದಲಾಗುತ್ತಿದ್ದರು, ಅಜ್ಜ ಮಾತ್ರ ನನ್ನ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಬಿಸಿಲಿನಲ್ಲಿ ನಿಂತೇ ಇರುತ್ತಿದ್ದ. ಇಡೀ ಸಂತೆ ಅವನ ಚಾಪೆಯ ಮೇಲೆ ಕೂತು ವ್ಯಾಪಾರ ಮಾಡುತ್ತಿತ್ತು. ಊರಿನ ನೆರಳಿಗೆ ಹೆಸರು ಹೇಳುವವನೂ ಅವನೇ. ಯಾರಾದರೂ ಹೊಸ ಹಾಡು ಕಟ್ಟಿದರೆ ಅಜ್ಜ ಬಂದು ಅದರ ನೆರಳಿಗೆ ಅಂಗೈ ಒಡ್ಡಬೇಕು, ಕಣ್ಣು ಮುಚ್ಚಿ ಇಂಥದ್ದು ಎನ್ನಬೇಕು. ಅವನು ಹೆಸರು ಹೇಳದ ನೆರಳಿನಲ್ಲಿ ಯಾರೂ ಕೂರುವಂತಿರಲಿಲ್ಲ.

ಇನ್ನು ಬನಿ. ಬನಶಂಕರಿ, ನನ್ನ ತಮ್ಮ ಬಸಲಿಂಗನ ಮಗಳು. ಅವಳ ಅವ್ವ ನೂಲಿನ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಹಾಗಾಗಿ ಕೂಸು ಬೆಳೆದದ್ದು ನನ್ನ ಅಂಗಡಿಯ ತೊಟ್ಟಿಲಲ್ಲಿ. ನನ್ನ ದನಿ ಕೇಳಿದರೆ ಹಾಲು ಕೊಡುವ ಎಮ್ಮೆ ಒದೆಯುತ್ತದೆ. ಆದರೂ ಒಂದು ಕೈಯಲ್ಲಿ ಮಿರ್ಚಿ ಕರಿಯುತ್ತ ಇನ್ನೊಂದರಲ್ಲಿ ತೊಟ್ಟಿಲು ತೂಗುತ್ತ ಅವಳಿಗೆ ಹಾಡಿದ್ದೇನೆ, ಆ ತೊಟ್ಟಿಲಿನಷ್ಟು ನೆರಳು ಬಿದ್ದಿದೆ. ನನಗೆ ಬರುವ ಹಾಡು ಅದೊಂದೇ.

ಆ ಕೂಸು ದೊಡ್ಡದಾಗಿ ಕಾಲೇಜು ಮೆಟ್ಟಿಲು ಹತ್ತಿದ ವರ್ಷ ಕಪ್ಪು ಬಟ್ಟೆ ಹಾಕತೊಡಗಿತು. ನಮ್ಮ ಬಿಸಿಲಿನಲ್ಲಿ, ಕಪ್ಪು. ಅಂಗಿ ಕಪ್ಪು, ಪ್ಯಾಂಟು ಕಪ್ಪು, ಕಾಡಿಗೆಯನ್ನು ಕಣ್ಣಿಗಿಂತ ಕೆನ್ನೆಗೇ ಹೆಚ್ಚು ಬಳಿದುಕೊಂಡು ಬಂದು ನನ್ನೆದುರು ನಿಂತಿತು. ಜೊತೆಗೆ ಅಂಥವೇ ಇನ್ನೆರಡು: ಡ್ರಮ್ಮು ಬಡಿಯುವ ದಾವಲ, ಗಿಟಾರು ನುಡಿಸುವ ಗುರುಸಿದ್ಧ. ತಮ್ಮ ಬ್ಯಾಂಡಿಗೆ ಗೂಗಿ, ಅಂದರೆ ಗೂಬೆ, ಎಂದು ಹೆಸರಿಟ್ಟುಕೊಂಡಿದ್ದರು.

“ಯಾರ ಮನಿಯಾಗ ಯಾರು ಸತ್ತಾರ?” ಎಂದು ಕೇಳಿದೆ.

“ಯಾರೂ ಇಲ್ಲತ್ತಿ, ಗಿರಮಿಟ್ಟು ಕೊಡು, ಹಸಿವಿ ಆಗೈತಿ,” ಎಂದಳು ಬನಿ.

ತಿನ್ನುತ್ತ ಅವರು ಜಗಳವಾಡಿದರು. ತಾವು ಹಾಡುವ ಬಗೆ ಡೂಮ್ ಮೆಟಲ್ ಎಂದ ದಾವಲ. ಗುರುಸಿದ್ಧ ಅದನ್ನು ಒಪ್ಪಲಿಲ್ಲ, ಅದು ಗಾಥಿಕ್ ರಾಕ್, ಕಿವಿ ಇದ್ದವರಿಗೆ ಗೊತ್ತಾಗುತ್ತದೆ ಎಂದ. ಗಾಥಿಕ್ಕಿಗೆ ಇಷ್ಟು ಭಾರದ ಡ್ರಮ್ಮು ಎಲ್ಲಿರುತ್ತದೆ ಎಂದು ದಾವಲ, ಡೂಮಿಗೆ ಇಷ್ಟು ಓಟ ಎಲ್ಲಿರುತ್ತದೆ ಎಂದು ಗುರುಸಿದ್ಧ. ನಡುವೆ ಪಂಕ್ ಬಂತು, ಪಂಕ್ ಆದ ಮೇಲಿನದು ಬಂತು, ಅದರ ಮೇಲಿನದೂ ಬಂತು. ಈ ಹೆಸರುಗಳ ಬಗ್ಗೆ ಅವರಿಗಿದ್ದ ಕಟ್ಟುನಿಟ್ಟು ನೋಡಿದರೆ ವಿರೂಪಯ್ಯಜ್ಜನೇ ಮೂರು ಮೈ ತಾಳಿ ಕೂತಂತಿತ್ತು. ನಾನು ಅವರ ಮುಂದೆ ಮಿರ್ಚಿ ಇಟ್ಟು, ಇದಕ್ಕೆ ಕೆಲವರು ಭಜಿ ಅಂತಾರ, ಕೆಲವರು ಮಿರ್ಚಿ ಅಂತಾರ, ಖಾರ ಎಲ್ಲರಿಗೂ ಹತ್ತತೈತಿ ಎಂದೆ. ಯಾರೂ ನಗಲಿಲ್ಲ. ಕಪ್ಪು ಬಟ್ಟೆ ಹಾಕಿದಾಗ ನಗಬಾರದೆಂದು ಅವರಿಗೂ ಒಂದು ಕಟ್ಟಳೆ ಇತ್ತೋ ಏನೋ.

ಅವರು ಮೊದಲ ಹಾಡು ಕಟ್ಟಿದಾಗ ಪದ್ಧತಿಯಂತೆ ಅಜ್ಜನನ್ನು ಕರೆದರು. ಗುರುಸಿದ್ಧನ ಅಪ್ಪನ ಹಿಟ್ಟಿನ ಗಿರಣಿಯಿಂದ ಕರೆಂಟಿನ ವೈರು ಎಳೆದರು. ದಾವಲ ಬಡಿದ, ಗುರುಸಿದ್ಧ ಮೀಟಿದ, ಬನಿ ಹೆಣದ ಮೇಲೆ ಕಟ್ಟಿದ ಹಾಡು ಹಾಡಿದಳು.

“ಕಾಗಿ ಬಂದು ಕೇಳತೈತಿ ನಿನ್ನ ಕಣ್ಣು ಯಾರದು? ಮಣ್ಣು ನಕ್ಕು ಹೇಳತೈತಿ ಮೊದಲಿನಿಂದ ನಂದದು.”

ನೆರಳು ಬಿತ್ತು. ಬಿತ್ತು ಎಂದರೆ ಗಿರಣಿಯ ಮುಂದಿನ ಅಂಗಳದಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಕೋಳಿಗಳು ಗೂಡು ಹುಡುಕಿಕೊಂಡು ಹೊರಟವು. ಅಜ್ಜ ಅಂಗೈ ಒಡ್ಡಿ, ಸುಟ್ಟುಕೊಂಡವನಂತೆ ಕೈ ಹಿಂದೆಳೆದು, “ಶೋಕ,” ಎಂದ. “ಇನ್ನು ಕೇಳೂದೇನೈತಿ, ಇದು ಶೋಕ. ಮಸಣದಾಗ ಹಾಡ್ರಿ.”

ಅಂದಿನಿಂದ ಬನಿಗೆ ಏನೋ ದುಃಖವಿದೆ ಎಂದು ಊರೆಲ್ಲ ಸುದ್ದಿಯಾಯಿತು. ಅವಳ ಸೋದರಮಾವನ ಹೆಂಡತಿ ಕರದಂಟು ಕಟ್ಟಿಕೊಂಡು ಬಂದು ಕೈ ಹಿಡಿದು ಕೂತಳು. ಪಕ್ಕದ ಓಣಿಯವರು ಒಂದು ಗಂಡು ನೋಡಿಟ್ಟರು. ನನ್ನ ತಮ್ಮನಂತೂ ಅಂಗಡಿಗೆ ಬಂದು ಮಗಳೆದುರು ಕಣ್ಣು ತುಂಬಿಕೊಂಡ.

“ಯಾರರ ಏನರ ಅಂದಾರೇನವ್ವ ನಿನಗ?”

“ಇಲ್ಲಪ್ಪಾ. ನಾ ಭಾಳ ಖುಷಿ ಅದೀನಿ.”

“ಖುಷಿ ಇದ್ದೋರು ಹೆಣದ ಮ್ಯಾಲ ಹಾಡು ಕಟ್ಟತಾರೇನು?”

“ಖುಷಿ ಇದ್ದಾಗಷ್ಟ ಅಂಥದ್ದನ್ನ ಕಣ್ಣು ತೆರೆದು ನೋಡಾಕ ಧೈರ್ಯ ಬರತೈತಪ್ಪಾ,” ಎಂದು ಅವಳು ಅಪ್ಪನ ಬಾಯಿಗೊಂದು ಕರದಂಟು ಇಟ್ಟಳು. ಅವನಿಗೆ ಅರ್ಥವಾಗಲಿಲ್ಲ, ಕರದಂಟು ಅಗಿದ. ನನಗೂ ಆಗ ಅರ್ಥವಾಗಲಿಲ್ಲ.

ಮಸಣ ಇರುವುದು ಆ ಹಿಟ್ಟಿನ ಗಿರಣಿಯ ಹಿಂದೆ. ಮೂವರೂ ದಿನಾ ಅಲ್ಲಿ ಹಾಡತೊಡಗಿದರು. ಮೊದಲು ಆ ನೆರಳಿಗೆ ಬಂದವು ಆಡುಗಳು. ಆಡುಗಳಿಗೆ ಯಾವ ಕಟ್ಟಳೆ? ಆಡಿನ ಹಿಂದೆ ಕಾಯುವವರು ಬಂದರು. ಆಮೇಲೆ ಸುಣ್ಣದ ಭಟ್ಟಿಯಲ್ಲಿ ಬೆಂದು ಬರುವ ಆಳುಗಳು. ಭಜನೆಯ ನೆರಳಿನಲ್ಲಿ ಕಾಲು ಚಾಚುವಂತಿಲ್ಲ, ಇಲ್ಲಿ ಕತ್ತಲಲ್ಲಿ ಯಾರು ಹೇಗೆ ಬಿದ್ದುಕೊಂಡಿದ್ದಾರೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದ ಹುಡುಗ ಹುಡುಗಿಯರೂ ಬಂದರು, ಮನೆಯಲ್ಲಿ ಮುಖ ತೋರಿಸಲಾರದವರು. ಕೆಲವು ದಿನಗಳಲ್ಲಿ ಅವರೂ ಕಾಡಿಗೆ ಬಳಿದುಕೊಂಡು ಹಾಡಿನಲ್ಲಿ ಕಾಗೆಯ ಸಾಲು ಬಂದಾಗ ಒಟ್ಟಾಗಿ ಕೂಗಿ ಕುಣಿಯತೊಡಗಿದರು. ನಾನೂ ಬುಟ್ಟಿ ಹೊತ್ತು ಹೋದೆ. ಆ ನೆರಳಿನಲ್ಲಿ ತಿನ್ನಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ನಾನು ಮಾರುತ್ತಿದ್ದೆ, ತಿನ್ನುತ್ತಿರಲಿಲ್ಲ.

ಒಂದು ದಿನ ಬನಿ ಹಾಡುತ್ತ ಬೆವರಿ ಅವಳ ಕಾಡಿಗೆ ಗದ್ದದವರೆಗೆ ಇಳಿದಿತ್ತು. ಅಷ್ಟೂ ಜನಕ್ಕೆ ನೆರಳು, ಅವಳಿಗೆ ಮಾತ್ರ ಉರಿಬಿಸಿಲು. ನೋಡಲಾರದೆ, ನನ್ನ ಹಾಡಿನ ನೆರಳಾದರೂ ಅವಳ ಮೇಲೆ ಬೀಳಲಿ ಎಂದು, ಪಕ್ಕದಲ್ಲಿ ನಿಂತು ಹಳೆಯ ಜೋಗುಳ ಎತ್ತಿದೆ. ಅವಳು ಹಾಡು ನಿಲ್ಲಿಸಿ ನನ್ನ ಬಾಯಿ ಮುಚ್ಚಿದಳು.

“ಬ್ಯಾಡತ್ತಿ. ಡೂಮಿನಾಗ ಜೋಗುಳ ಬೆರಸತಾರೇನು? ಮಂದಿ ನಗತಾರ. ನಾ ಏನ್ ಕೂಸೇನು?”

“ಡೂಮ್ ಅಲ್ಲ, ಗಾಥಿಕ್,” ಎಂದ ಗುರುಸಿದ್ಧ ಹಿಂದಿನಿಂದ. ನಾನು ಬುಟ್ಟಿ ಎತ್ತಿಕೊಂಡು ಬಂದೆ. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಶೋಕದ ನೆರಳಿನಲ್ಲಿ ನಗು ಕೇಳುತ್ತಿದೆ ಎಂಬ ಸುದ್ದಿ ಅಜ್ಜನ ಕಿವಿಗೆ ಬಿದ್ದದ್ದು ಸಂತೆಯ ಹಿಂದಿನ ದಿನ. ಕೋಲೂರುತ್ತ ಮಸಣಕ್ಕೆ ಬಂದ. ಕುಣಿಯುತ್ತಿದ್ದವರು ನಿಂತರು, ಮಲಗಿದ್ದವರು ಎದ್ದರು, ನಾನು ಬುಟ್ಟಿಯ ಮೇಲೆ ಸೆರಗು ಹೊದಿಸಿದೆ.

“ಶೋಕ ಅಂದ ಮ್ಯಾಲ ಅಳಬೇಕು,” ಎಂದ ಅಜ್ಜ. “ನೀವು ಶೋಕದವರು ಹೌದಾದರ ಈಗ ನನ್ನ ಮುಂದ ಅಳ್ರಿ ನೋಡೂಣು.”

ಮಕ್ಕಳು ಪ್ರಾಮಾಣಿಕವಾಗಿ ಪ್ರಯತ್ನಿಸಿದರು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಗುರುಸಿದ್ಧ ಸತ್ತ ನಾಯಿಯನ್ನು ನೆನೆದ. ದಾವಲ ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡ. ಬನಿ ತುಟಿ ಕಚ್ಚಿ ನೆಲ ನೋಡುತ್ತಿದ್ದವಳು ದಾವಲನ ಮೋರೆ ಕಂಡಳು, ಅಷ್ಟೇ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಣ್ಣದ ಭಟ್ಟಿಯವರೂ ನಕ್ಕರು. ಅಜ್ಜ ನಗಲಿಲ್ಲ.

“ಅಳು ಬರಂಗಿಲ್ಲ ಅಂದ್ರ ಇದು ಶೋಕ ಅಲ್ಲ. ನಾ ತಪ್ಪು ಹೆಸರು ಹೇಳಿದೆ. ಶೋಕ ಅಲ್ಲದ್ದು ಮಸಣದಾಗ ಬೀಳಬಾರದು, ಹೆಸರಿಲ್ಲದ್ದು ಊರಾಗ ಬೀಳಬಾರದು. ನಾಳಿಂದ ಇಲ್ಲಿ ಹಾಡಬ್ಯಾಡ್ರಿ.”

“ಹಂಗಾರ ಇದರ ಹೆಸರು ಏನಜ್ಜಾ? ನೀವ ಹೇಳ್ರಿ,” ಎಂದಳು ಬನಿ.

ಅಜ್ಜ ಮತ್ತೆ ಅಂಗೈ ಒಡ್ಡಲಿಲ್ಲ. “ನನಗ ಗೊತ್ತಿಲ್ಲ,” ಎಂದು ಹೊರಟುಹೋದ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಸಂತೆ. ಬೆಳಿಗ್ಗೆಯೇ ಮೂವರೂ ಒಂದು ಟೆಂಪೊ ತಂದು ಗಿರಣಿಯ ಮುಂದೆ ಡ್ರಮ್ಮುಗಳನ್ನು ಏರಿಸುತ್ತಿದ್ದರು. ಘಟ್ಟದ ಆಚೆಯ ಊರಿಗೆ ಹೋಗುತ್ತೇವೆ, ಅಲ್ಲಿ ಯಾರು ಏನು ಬೇಕಾದರೂ ಹಾಡಬಹುದಂತೆ, ಯಾರೂ ಕೇಳುವುದಿಲ್ಲವಂತೆ ಎಂದು ದಾವಲ ಹೇಳಿದ. ಬನಿ ನನ್ನ ಅಂಗಡಿಗೆ ಬಂದು ಗಡಿಗೆಯ ಪಕ್ಕ ಕೂತಳು. ಕಾಡಿಗೆ ಹಚ್ಚಿರಲಿಲ್ಲ. ಮುಖ ಮೊದಲಿನ ಕೂಸಿನದೇ.

“ಚಲೋ ಆತು ಬಿಡು,” ಎಂದೆ. “ಅಲ್ಲಿ ಮರಕ್ಕೂ ನೆರಳು ಇರತೈತಂತ. ತಂಪಾಗಿ ಹಾಡಿಕೋತ ಇರು.”

“ಅದ ನೋಡತ್ತಿ ಕಷ್ಟ. ಅಲ್ಲಿ ಎಷ್ಟು ಹಾಡಿದರೂ ನೆಲದ ಮ್ಯಾಲ ಏನೂ ಬೀಳಂಗಿಲ್ಲ. ಬರೇ ಸಪ್ಪಳ.” ಅವಳು ಮೂಗೊರೆಸಿಕೊಂಡಳು. “ಇಲ್ಲಿ ಭಟ್ಟಿಯ ಮಂದಿ ನನ್ನ ಹಾಡಿನ ಕೆಳಗ ಗೊರಕಿ ಹೊಡೀತಾರ. ಅದನ್ನ ಬಿಟ್ಟು ಹ್ಯಾಂಗ ಹೋಗಲಿ?”

ಹಿಂದಿನ ದಿನ ಅಜ್ಜ ಬೇಡಿದ ಅಳು ಈಗ ಬಂದಿತ್ತು. ಒಂದು ಪೊಟ್ಟಣ ಗಿರಮಿಟ್ಟು ಕಟ್ಟಿಕೊಟ್ಟೆ. ಅವಳು ಎದ್ದು ಟೆಂಪೊ ಕಡೆ ನಡೆದಳು.

ಮಧ್ಯಾಹ್ನವಾಗುವಷ್ಟರಲ್ಲಿ ಆ ವರ್ಷದ ಅತಿ ಕೆಟ್ಟ ಬಿಸಿಲು. ಸಂತೆ ಕಿಕ್ಕಿರಿದಿತ್ತು. ಅಜ್ಜ ಕಟ್ಟೆಯ ಮೇಲೆ ಎಂದಿನಂತೆ ನಿಂತಿದ್ದ, ಆದರೆ ಅವನ ಗಂಟಲು ಬೆಳಗಿನಿಂದಲೂ ಕರಕರ ಎನ್ನುತ್ತಿತ್ತು. ಚಾಪೆಯಂಥ ನೆರಳಿನ ಅಂಚು ಬಿಚ್ಚತೊಡಗಿತು. ಆಮೇಲೆ ನಡುವೆ ತೂತು ಬಿದ್ದು ಬಿಸಿಲು ಇಳಿಯಿತು. ಮೆಂತ್ಯದ ಸೂಡು ಬಾಡಿತು, ವೀಳ್ಯದೆಲೆಯ ಕಟ್ಟು ಬಾಡಿತು, ಕೂಸುಗಳು ಚೀರತೊಡಗಿದವು. ತಾಳದವರು, ಅಜ್ಜಾ ನಾವು ಹಿಡೀತೀವಿ ಎಂದರೆ ಅಜ್ಜ ಕೈಯಿಂದಲೇ ಬೇಡವೆಂದ. ಇನ್ನೊಂದು ನುಡಿ ಎತ್ತಿದ. ಬಾಯಿ ತೆರೆಯಿತು, ದನಿ ಬರಲಿಲ್ಲ. ನೆರಳು ಒಂದೇ ಸಲಕ್ಕೆ ಹೋಯಿತು. ತಾಳದವರು ತಾವೇ ಶುರು ಮಾಡಿದರು. ಅಂಗವಸ್ತ್ರದಷ್ಟು ನೆರಳು ಬಿತ್ತು, ಅದಕ್ಕೆ ಹತ್ತಾರು ಜನ ನುಗ್ಗಿದರು. ಅಜ್ಜ ಕಟ್ಟೆಯ ಮೇಲೆ ಕುಸಿದು ಕೂತ.

ನಾನು ಓಡಿದೆ. ನನ್ನ ಈ ಮೈ ಹೊತ್ತು ಓಡುವುದನ್ನು ಊರು ಹಿಂದೆ ನೋಡಿರಲಿಲ್ಲ, ಮುಂದೆ ನೋಡುವುದೂ ಇಲ್ಲ. ಟೆಂಪೊ ಆಗಷ್ಟೇ ಗಿರಣಿ ಬಿಟ್ಟು ಹೊರಟಿತ್ತು. ಮುಂದೆ ನಿಂತು ಎರಡೂ ಕೈ ಅಗಲಿಸಿದೆ.

“ಇಳೀರಿ. ಸಂತಿ ಸುಡಾಕತ್ತೈತಿ. ವೈರು ಎಳೀರಿ.”

“ಅಜ್ಜ ಬ್ಯಾಡಂದಾನಲ್ಲ,” ಎಂದ ಗುರುಸಿದ್ಧ.

“ಅಜ್ಜನ ಬಾಯಿ ನಿಂತೈತಿ,” ಎಂದೆ. ಬನಿ ಆಗಲೇ ಕೆಳಗೆ ಹಾರಿದ್ದಳು.

ಕಟ್ಟೆಯ ಬಳಿ ಅವರು ಎಷ್ಟು ಬೇಗ ಎಲ್ಲವನ್ನೂ ಜೋಡಿಸಿದರೋ ನನಗೆ ಗೊತ್ತಿಲ್ಲ, ನಾನು ಏದುಸಿರು ಬಿಡುತ್ತಿದ್ದೆ. ದಾವಲ ಒಮ್ಮೆ ಬಡಿದ, ತಕ್ಕಡಿಗಳು ಅಲುಗಿದವು. ಬನಿ ಕಾಗೆಯ ಹಾಡನ್ನೇ ಎತ್ತಿದಳು. ಕಪ್ಪು ನೆರಳು ಸಂತೆಬಯಲಿನ ಮುಕ್ಕಾಲು ಭಾಗ ತುಂಬಿ ನಿಂತಿತು. ಜನ ಅದರ ಅಂಚಿಗೆ ಬಂದು ಬಿಸಿಲಿನಲ್ಲೇ ನಿಂತರು. ಯಾರೂ ಒಳಗೆ ಕಾಲಿಡಲಿಲ್ಲ. ಹೆಸರಿಲ್ಲದ ನೆರಳು. ಒಳಗೆ ಹೋದರೆ ಸ್ನಾನ ಮಾಡಬೇಕೋ ಬೇಡವೋ, ನಗಬಹುದೋ ಇಲ್ಲವೋ ಯಾರಿಗೆ ಗೊತ್ತು? ತರಕಾರಿ ಮಾರುವ ಹಾಲವ್ವ ಬುಟ್ಟಿ ತಬ್ಬಿಕೊಂಡು, “ನನಗ ಬಿಡ್ರಿ, ಬದನಿಕಾಯಿಗೂ ಸ್ನಾನ ಮಾಡಸಬೇಕೇನು?” ಎಂದು ಎಲ್ಲರನ್ನೂ ಕೇಳುತ್ತಿದ್ದಳು.

ನಾನು ಯಾರನ್ನೂ ಕೇಳಲಿಲ್ಲ. ಕಟ್ಟೆಗೆ ಹೋಗಿ ಅಜ್ಜನ ರಟ್ಟೆ ಹಿಡಿದು ಎಬ್ಬಿಸಿದೆ. ಅವನ ತೋಳು ಮುಟ್ಟಲಾರದಷ್ಟು ಕಾದಿತ್ತು. “ಕೈ ಒಡ್ಡು ಬಾ, ಹೆಸರು ಹೇಳು,” ಎಂದು ಎಳೆದುಕೊಂಡು ನೆರಳಿನೊಳಗೆ ತಂದೆ. ಅಜ್ಜ ಪದ್ಧತಿಯಂತೆ ಅಂಗೈ ಚಾಚಿ ಕಣ್ಣು ಮುಚ್ಚಿದ. ಎಲ್ಲರೂ ಕಾದರು. ಅವನು ಅಂಗೈ ಮಡಚಲಿಲ್ಲ. ಇನ್ನೊಂದು ಕೈಯನ್ನೂ ಚಾಚಿದ. ಆಮೇಲೆ ರುಮಾಲು ಬಿಚ್ಚಿ ಬೋಳುತಲೆ ಒಡ್ಡಿದ. ಆಗ ನನಗೆ ಹೊಳೆಯಿತು: ಇಷ್ಟು ವರ್ಷ ಇಡೀ ಸಂತೆಗೆ ನೆರಳು ಹಾಸಿದ ಈ ಮುದುಕ ಸಂತೆಯ ದಿನ ಒಮ್ಮೆಯೂ ನೆರಳಿನಲ್ಲಿ ಕೂತಿರಲಿಲ್ಲ. ಅವನು ಮೆಲ್ಲನೆ ಕೂತ. ಕಾಲು ಚಾಚಿದ. ರುಮಾಲನ್ನು ತಲೆದಿಂಬು ಮಾಡಿ ಮಲಗಿದ. ದಾವಲ ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಡಿಯುತ್ತಿದ್ದ, ಬನಿ ಹೆಣ, ಕಾಗೆ, ಮಣ್ಣು ಎಂದು ಗಂಟಲು ಹರಿಯುವಂತೆ ಹಾಡುತ್ತಿದ್ದಳು, ಅದರ ನಡುವೆ ವಿರೂಪಯ್ಯಜ್ಜ ನಿದ್ದೆ ಹೋದ.

“ಹೆಸರು ಏನಂದ?” ಎಂದು ಅಂಚಿನಿಂದ ಹಾಲವ್ವ ಕೇಳಿದಳು.

“ಎದ್ದ ಮ್ಯಾಲ ಕೇಳು. ಈಗ ಬದನಿಕಾಯಿ ತಗೊಂಡು ಒಳಗ ಬಾ.”

ಬಂದಳು. ಆಮೇಲೆ ಎಲ್ಲರೂ ಬಂದರು. ಮಧ್ಯಾಹ್ನದ ಹೊತ್ತಿಗೆ ಕಂದೀಲು ಹಚ್ಚಿ ವ್ಯಾಪಾರ ಮಾಡಿದ ಸಂತೆ ಅದೊಂದೇ. ಹಾಗಲಕಾಯಿ ಕೇಳಿದವರಿಗೆ ಹೀರೇಕಾಯಿ ಹೋಯಿತು, ಯಾರೂ ಜಗಳ ತೆಗೆಯಲಿಲ್ಲ. ಚೀರುತ್ತಿದ್ದ ಕೂಸುಗಳು ಮಲಗಿದವು. ಕಾಡಿಗೆಯ ಹುಡುಗ ಹುಡುಗಿಯರು ಕುಣಿದರು, ಅವರ ನಡುವೆ ನನ್ನ ತಮ್ಮ ಬಸಲಿಂಗ ಎರಡೂ ಕೈ ಮೇಲೆತ್ತಿ ನಿಂತಿದ್ದುದನ್ನು ಕಂದೀಲಿನ ಬೆಳಕಿನಲ್ಲಿ ನಾನೇ ಕಂಡೆ. ಕುಣಿತವೋ ಗಾಬರಿಯೋ, ಅವನನ್ನೇ ಕೇಳಬೇಕು.

ಹಾಡು ಮುಗಿದಾಗ ಬಿಸಿಲು ಮತ್ತೆ ಬಿತ್ತು. ಮುಖಕ್ಕೆ ಬಿಸಿಲು ಬಡಿದು ಅಜ್ಜ ಎದ್ದ. ಬನಿ ಮುಂದೆ ಬಂದು ಕೈ ಕಟ್ಟಿ ನಿಂತಳು.

“ಅಜ್ಜಾ, ಹೆಸರು?”

ಅಜ್ಜ ರುಮಾಲು ಜಾಡಿಸಿದ, ಹೋದ ದನಿಯಲ್ಲೇ ಪಿಸುಗುಟ್ಟಿದ. “ಹೆಸರು ಇಡೂತನಕ ಕೂಸಿಗೆ ಹಾಲು ಕುಡಸದ ಇರತಾರೇನು? ಹೆಸರು ಸಾವಕಾಶ ಇಡೂಣು. ಹಾಡವ್ವ, ಬಿಸಿಲು ಬಂತು.”

ಮತ್ತೆ ಕಪ್ಪು ನೆರಳು ಬಿತ್ತು. ನಾನು ಬನಿಗೆ ಮಜ್ಜಿಗೆ ತಂದೆ. ಕಟ್ಟೆಯ ಮೇಲೆ, ಅಜ್ಜ ನಿಲ್ಲುತ್ತಿದ್ದ ಜಾಗದಲ್ಲೇ, ಕಪ್ಪು ಬಟ್ಟೆ ಮೈಗಂಟಿಸಿಕೊಂಡು ಬಿಸಿಲಿನಲ್ಲಿ ನಿಂತು ಅವಳು ಹಾಡುತ್ತಿದ್ದಳು. ಹಣೆ ಕೆಂಪಗಾಗಿತ್ತು. ನಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ನಿಂತು, ಎಮ್ಮೆ ಒದೆಯುವ ದನಿಯಲ್ಲಿ, ನನಗೆ ಬರುವ ಆ ಒಂದೇ ಜೋಗುಳ ಎತ್ತಿದೆ. ಹೆಣದ ಹಾಡಿನೊಳಗೆ ಜೋಗುಳ ಬೆರೆಯಿತು. ಅಜ್ಜನ ಕಡೆ ನೋಡಿದೆ. ಅವನು ಬೇರೆ ಕಡೆ ನೋಡುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಕಟ್ಟೆಯ ಬಿಸಿಲಿನ ಮೇಲೆ ತೊಟ್ಟಿಲಿನಷ್ಟು ನೆರಳು ಬಿತ್ತು. ಬನಿ ಈ ಸಲ ನನ್ನ ಬಾಯಿ ಮುಚ್ಚಲಿಲ್ಲ. ಹಾಡುತ್ತಲೇ ಹತ್ತಿರ ಸರಿದು, ತಲೆ ಬಗ್ಗಿಸಿ, ಭುಜ ಕುಗ್ಗಿಸಿ, ಆ ನೆರಳಿನ ಅಳತೆಗೆ ತನ್ನನ್ನು ತಂದುಕೊಂಡಳು.

“ಅತ್ತೀ, ಇತ್ತಾಗೂ ಸ್ವಲ್ಪ ಹಾಡ್ರಿ,” ಎಂದು ದಾವಲ ಡ್ರಮ್ಮಿನ ಹಿಂದಿನಿಂದ ಕೂಗಿದ. ನಾನು ತಿರುಗಲಿಲ್ಲ. ನನ್ನ ಹತ್ತಿರ ಇದ್ದ ನೆರಳು ಒಂದು ತೊಟ್ಟಿಲಿನಷ್ಟೇ.